ಹಗೆಯ ಜಮಾಖರ್ಚು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲದ ವಿಷಯ ಚರಿತ್ರೆಯಲ್ಲಿ ಹಗೆ, ಜಿದ್ದು, ಹಟ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿ ಉತ್ತರಿಸಿದ್ದೇವೆ.

ಪ್ರ: ಸೇಡು ತೀರಿಸಿಕೊಳ್ಳುವುದು ಬೇರೆ, ಬರೀ ಹಟಕ್ಕೆ ಬಿದ್ದು ಕೆಡುಕು ಮಾಡುವುದು ಬೇರೆ ಅನ್ನುತ್ತಾರೆ. ಎರಡೂ ಒಂದೇ ಅಲ್ಲವೇ?

ಉ: ಅಲ್ಲ. ಯಾರ ಗಂಟಿನಿಂದ ಎಷ್ಟು ಹೋಯಿತು ಅಂತ ಲೆಕ್ಕ ಹಾಕಿ, ಗೊತ್ತಾಗುತ್ತದೆ. ಸೇಡಿನಲ್ಲಿ ಏನೋ ಒಂದು ಗಳಿಕೆ ಇರುತ್ತದೆ: ಕಳೆದುಕೊಂಡ ನೆಲ, ಕಳೆದುಕೊಂಡ ಮರ್ಯಾದೆ, ಕೊನೆಗೆ ‘ಇವನ ತಂಟೆಗೆ ಹೋಗಬಾರದು’ ಎಂಬ ಹೆಸರಾದರೂ ಸಿಗುತ್ತದೆ. ಹಟದ ಕೆಡುಕಿನಲ್ಲಿ ಮಾಡುವವನಿಗೂ ನಷ್ಟವೇ. ಎದುರಿನವನಿಗೆ ಅಪಶಕುನವಾಗಲಿ ಅಂತ ತನ್ನ ಮೂಗನ್ನೇ ಕೊಯ್ದುಕೊಂಡವನ ಗಾದೆ ಇಂಥವರಿಗೇ ಇರುವುದು.

ಇದನ್ನು ಅಳೆದೂ ನೋಡಿದ್ದಾರೆ. 1982ರಲ್ಲಿ ಜರ್ಮನಿಯ ಮೂವರು ಅರ್ಥಶಾಸ್ತ್ರಜ್ಞರು ಒಂದು ಆಟ ಆಡಿಸಿದರು. ಒಬ್ಬನ ಕೈಗೆ ಒಂದು ಮೊತ್ತ ಕೊಟ್ಟು, ಇನ್ನೊಬ್ಬನಿಗೆ ಎಷ್ಟು ಪಾಲು ಕೊಡುತ್ತೀಯ ಹೇಳು ಅನ್ನುವುದು. ಆ ಇನ್ನೊಬ್ಬ ಒಪ್ಪಿದರೆ ಇಬ್ಬರಿಗೂ ದುಡ್ಡು, ಒಲ್ಲೆ ಅಂದರೆ ಇಬ್ಬರಿಗೂ ಸೊನ್ನೆ. ಲೆಕ್ಕದ ಪ್ರಕಾರ ಒಂದು ಕಾಸು ಕೊಟ್ಟರೂ ಒಪ್ಪಬೇಕು. ಆದರೆ ಆಮೇಲೆ ನಾನಾ ದೇಶಗಳಲ್ಲಿ ಆಡಿಸಿದಾಗ ಕಂಡದ್ದೇನೆಂದರೆ, ಐದನೇ ಒಂದಕ್ಕಿಂತ ಕಡಿಮೆ ಪಾಲು ಬಂದರೆ ಸುಮಾರು ಅರ್ಧದಷ್ಟು ಜನ ‘ನನಗೂ ಬೇಡ, ನಿನಗೂ ಬೇಡ’ ಅಂತ ತಳ್ಳಿಬಿಡುತ್ತಾರೆ.

ಮುಂದಿನ ಉತ್ತರಗಳಲ್ಲೂ ಇದೇ ಅಳತೆಗೋಲು ಇಟ್ಟುಕೊಂಡಿದ್ದೇವೆ. ‘ಹಗೆಯಿಂದ ಮಾಡಿದ’ ಎಂದು ಹೆಸರಾದ ಎಷ್ಟೋ ಕೆಲಸಗಳ ಹಿಂದೆ ಒಳ್ಳೆಯ ಲಾಭ ಕೂತಿರುತ್ತದೆ.

ಪ್ರ: ಪಕ್ಕದವರಿಗೆ ತೊಂದರೆ ಕೊಡಲೆಂದೇ ಕಟ್ಟಿದ ಮನೆಗಳಿವೆಯಂತೆ. ಅವುಗಳಲ್ಲಿ ನಿಜವಾಗಿ ಯಾರಾದರೂ ವಾಸ ಮಾಡುತ್ತಿದ್ದರೇ? ಐದಡಿ ಜಾಗದಲ್ಲಿ ಮನೆ ಕಟ್ಟುವುದಾದರೂ ಹೇಗೆ?

ಉ: ವಾಸ ಮಾಡಿದ್ದಾರೆ, ಬಾಡಿಗೆಗೂ ಕೊಟ್ಟಿದ್ದಾರೆ. ಐದಡಿಯ ಮನೆ ಎಂದರೆ ನ್ಯೂಯಾರ್ಕಿನದು. ಲೆಕ್ಸಿಂಗ್ಟನ್ ಅವೆನ್ಯೂ ಮತ್ತು 82ನೇ ಬೀದಿ ಕೂಡುವಲ್ಲಿ ಜೋಸೆಫ್ ರಿಚರ್ಡ್‌ಸನ್ ಎಂಬವನಿಗೆ 5 ಅಡಿ ಅಗಲ, 104 ಅಡಿ ಉದ್ದದ ಒಂದು ಪಟ್ಟಿ ಜಾಗವಿತ್ತು. 1882ರಲ್ಲಿ ಹಿಂದಿನ ನಿವೇಶನದ ಒಡೆಯ ಹೈಮನ್ ಸಾರ್ನರ್ ತನ್ನ ಕಟ್ಟಡ ಬೀದಿಗೆ ಮುಟ್ಟಲಿ ಅಂತ ಅದಕ್ಕೆ 1000 ಡಾಲರ್ ಕೊಡಲು ಬಂದ. ರಿಚರ್ಡ್‌ಸನ್ 5000 ಕೇಳಿದ. ಸಾರ್ನರ್ ಒಪ್ಪಲಿಲ್ಲ. ಆ ಪಟ್ಟಿ ಯಾವುದಕ್ಕೂ ಬಾರದು ಎಂದುಕೊಂಡು ತನ್ನ ಕಟ್ಟಡದ ಕಿಟಕಿಗಳನ್ನು ಅದರ ಕಡೆಗೇ ಇಟ್ಟ. ಆ ಕಿಟಕಿಗಳಿಗೆ ಅಡ್ಡವಾಗಿ ರಿಚರ್ಡ್‌ಸನ್ ನಾಲ್ಕು ಅಂತಸ್ತು ಎಬ್ಬಿಸಿದ.

ಕಟ್ಟಿದ ರೀತಿ ಗಮನಿಸುವಂಥದು. ಗೋಡೆಯ ದಪ್ಪ ಕಳೆದರೆ ಐದಡಿಯಲ್ಲಿ ಉಳಿಯುವುದು ಬಹಳ ಕಡಿಮೆ. ಆದರೆ ಬೀದಿಯ ಕಡೆಗೆ ಕಿಟಕಿಯ ಚಾಚುಗಳನ್ನು ಹೊರಕ್ಕೆ ತರಲು ನಗರದ ಕಟ್ಟಡ ನಿಯಮ ಬಿಡುತ್ತಿತ್ತು. ಆ ಚಾಚುಗಳನ್ನೇ ಕೋಣೆಗಳಾಗಿ ಬಳಸಿ ಮಹಡಿಗೆ ಎರಡರಂತೆ ಎಂಟು ಬಿಡಾರ ಮಾಡಿದ. ಮೆಟ್ಟಿಲಿನಲ್ಲಿ ಒಬ್ಬರು ಹತ್ತುವಾಗ ಇನ್ನೊಬ್ಬರು ಇಳಿಯುವಂತಿರಲಿಲ್ಲ. ಊಟದ ಮೇಜಿನ ಅಗಲ ಒಂದೂವರೆ ಅಡಿ, ಪೀಠೋಪಕರಣವೆಲ್ಲ ಅಳತೆ ಕೊಟ್ಟು ಮಾಡಿಸಿದ್ದು. ಅವನೂ ಅಲ್ಲೇ ಬಾಳಿದ. 1915ರಲ್ಲಿ ಅದನ್ನು ಕೆಡವಿದರು. ಜಮಾಖರ್ಚು ನೋಡಿದರೆ ಇದು ಪೂರಾ ಹಟವೂ ಅಲ್ಲ. ಎಂಟು ಬಿಡಾರಗಳಿಂದ ಬಾಡಿಗೆ ಬರುತ್ತಿತ್ತು.

ವರ್ಜೀನಿಯಾದ ಅಲೆಕ್ಸಾಂಡ್ರಿಯಾದಲ್ಲಿ 1830ರಲ್ಲಿ ಜಾನ್ ಹಾಲೆನ್ಸ್‌ಬರಿ ಕಟ್ಟಿದ ನೀಲಿ ಮನೆ ಇನ್ನೂ ಚಿಕ್ಕ ಖರ್ಚಿನದು. ಅವನ ಮನೆಯ ಪಕ್ಕದ ಓಣಿಯಲ್ಲಿ ಗಾಡಿಗಳು ನುಗ್ಗುತ್ತಿದ್ದವು, ಪೋಲಿಗಳು ಜಮಾಯಿಸುತ್ತಿದ್ದರು. ಓಣಿಯ ಎರಡೂ ಬದಿಗೆ ಗೋಡೆ ಇದ್ದೇ ಇತ್ತಲ್ಲ, ಮುಂದೊಂದು ಹಿಂದೊಂದು ಗೋಡೆ, ಮೇಲೊಂದು ಚಾವಣಿ ಹಾಕಿದ. 7 ಅಡಿ ಅಗಲ, ಎರಡು ಅಂತಸ್ತು, ಒಟ್ಟು 325 ಚದರಡಿಯ ಮನೆಯಾಯಿತು. ಒಳಗಿನ ಇಟ್ಟಿಗೆ ಗೋಡೆಯಲ್ಲಿ ಆಳವಾದ ಗೀರುಗಳಿವೆ. ಹಿಂದೆ ಓಣಿಯಲ್ಲಿ ಹಾಯುತ್ತಿದ್ದ ಬಂಡಿಗಳ ಚಕ್ರದ ಗುಂಬ ಉಜ್ಜಿ ಆದದ್ದು. ಈಗ ಅವು ನಡುಮನೆಯ ಗೋಡೆಯ ಮೇಲಿವೆ.

ಮೇರಿಲ್ಯಾಂಡಿನ ಫ್ರೆಡೆರಿಕ್‌ನಲ್ಲಿ 1814ರಲ್ಲಿ ಡಾ. ಜಾನ್ ಟೈಲರ್ ಕಾನೂನಿನ ಸಂದು ಹುಡುಕಿದ. ಪುರಸಭೆ ಅವನ ಜಾಗದ ಮೇಲೆ ರಸ್ತೆ ತರಲು ಹೊರಟಿತ್ತು. ಗಟ್ಟಿಯಾದ ಕಟ್ಟಡವೊಂದರ ಕೆಲಸ ನಡೆಯುತ್ತಿದ್ದರೆ ಅಲ್ಲಿ ರಸ್ತೆ ಮಾಡುವಂತಿಲ್ಲ ಎಂಬ ನಿಯಮ ಅವನ ಕಣ್ಣಿಗೆ ಬಿತ್ತು. ರಾತ್ರೋರಾತ್ರಿ ಅಡಿಪಾಯ ಹಾಕಿಸಿದ. ಬೆಳಗ್ಗೆ ರಸ್ತೆಯ ಆಳುಗಳು ಬಂದಾಗ ಕೆಲಸ ನಡೆದಿತ್ತು.

ಸ್ಯಾನ್ ಫ್ರಾನ್ಸಿಸ್ಕೋದ ಚಾರ್ಲ್ಸ್ ಕ್ರಾಕರ್‌ನದು ಮಾತ್ರ ಅಪ್ಪಟ ಹಟ. 1870ರ ದಶಕದಲ್ಲಿ ರೈಲ್ವೆ ಸಿರಿವಂತನಾದ ಈತ ನಾಬ್ ಹಿಲ್‌ನ ಇಡೀ ಚೌಕವನ್ನು ಕೊಳ್ಳಲು ಹೋದ. ಹೆಣದ ಪೆಟ್ಟಿಗೆಯ ವ್ಯಾಪಾರದ ನಿಕೋಲಸ್ ಯುಂಗ್ ಮಾತ್ರ ತನ್ನ ತುಂಡು ಜಾಗ ಮಾರಲಿಲ್ಲ. ಕ್ರಾಕರ್ ತನ್ನ ನೆಲದಲ್ಲೇ, ಯುಂಗ್ ಮನೆಯ ಮೂರು ಬದಿಗೆ, 40 ಅಡಿ ಎತ್ತರದ ಮರದ ಬೇಲಿ ನಿಲ್ಲಿಸಿದ. ಅಷ್ಟೆತ್ತರದ ಹಲಗೆ ಬೇಲಿ ಗಾಳಿಗೆ ತಾನಾಗಿ ನಿಲ್ಲದು, ಹೊರಗಿನಿಂದ ಊರೆ ಕೊಡಬೇಕು. ಬಿಸಿಲು ಹೋಯಿತು, ಗಾಳಿ ಹೋಯಿತು, ಮನೆ ಬಾವಿಯ ತಳದಂತಾಯಿತು. ಆದರೂ ಯುಂಗ್ ಮಾರಲಿಲ್ಲ. ಜಾಗ ಕ್ರಾಕರ್ ಕುಟುಂಬಕ್ಕೆ ಸಿಕ್ಕಿದ್ದು 1904ರಲ್ಲಿ. ಅಷ್ಟರಲ್ಲಿ ಕ್ರಾಕರ್ ಸತ್ತು 16 ವರ್ಷವಾಗಿತ್ತು. ಎರಡೇ ವರ್ಷಕ್ಕೆ ಭೂಕಂಪ, ಬೆಂಕಿ.

ಪ್ರ: ತನ್ನ ಜಾಗದಲ್ಲಿ ತಾನು ಏನು ಬೇಕಾದರೂ ಕಟ್ಟಬಹುದಲ್ಲ? ಮನಸ್ಸಿನಲ್ಲಿ ಹಗೆ ಇತ್ತು ಎಂಬ ಕಾರಣಕ್ಕೆ ಕೋರ್ಟು ತಡೆಯಬಹುದೇ?

ಉ: ದೇಶಕ್ಕೊಂದು ನ್ಯಾಯ. ಇಂಗ್ಲೆಂಡು ಮೊದಲಿಗೆ ‘ತಡೆಯಲಾಗದು’ ಅಂದಿತು. ಬ್ರಾಡ್‌ಫರ್ಡ್ ನಗರಸಭೆಯ ನೀರು ಪಿಕಲ್ಸ್ ಎಂಬವನ ಜಮೀನಿನಡಿಯಿಂದ ಜಿನುಗಿ ಬರುತ್ತಿತ್ತು. ತನ್ನ ಜಾಗವನ್ನು ಒಳ್ಳೆಯ ಬೆಲೆಗೆ ಕೊಳ್ಳಲಿ ಎಂದು ಆತ ನೆಲ ತೋಡಿ ಆ ನೀರನ್ನು ತಿರುಗಿಸಹೊರಟ. 1895ರಲ್ಲಿ, ಆಗ ಅಲ್ಲಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಕೊಟ್ಟ ತೀರ್ಪು: ಕೆಲಸ ಕಾನೂನುಬದ್ಧವಾಗಿದ್ದರೆ ಉದ್ದೇಶ ಕೆಟ್ಟದೆಂದು ಅದು ಅಪರಾಧವಾಗದು. ಗಮನಿಸಿ, ಪಿಕಲ್ಸ್‌ಗೆ ಬೇಕಿದ್ದದ್ದು ದುಡ್ಡು.

ಆದರೆ ಅದೇ ದೇಶದಲ್ಲಿ ಶಬ್ದದ ವಿಷಯಕ್ಕೆ ಬಂದಾಗ ತಕ್ಕಡಿ ವಾಲಿತು. ಒಬ್ಬ ಬೆಳ್ಳಿನರಿ ಸಾಕುತ್ತಿದ್ದ, ಬೇಲಿಯಾಚೆಯವನು ಮನೆ ನಿವೇಶನ ಮಾರುತ್ತಿದ್ದ. ನರಿ ಸಾಕಣೆಯ ಬೋರ್ಡು ಕಂಡರೆ ಗಿರಾಕಿ ಬರಲಾರರು ಎಂದು ಅವನಿಗೆ ಸಿಟ್ಟು. ಬೋರ್ಡು ತೆಗೆ ಅಂದ, ತೆಗೆಯಲಿಲ್ಲ. ಮರಿ ಹಾಕುವ ಹಂಗಾಮಿನಲ್ಲಿ ಗಡಿಯ ಹತ್ತಿರ ಮಗನ ಕೈಯಿಂದ ಕೋವಿ ಹಾರಿಸಿದ. ಹೆಣ್ಣು ನರಿ ಬೆದರಿದರೆ ಗಬ್ಬ ಕಟ್ಟದು, ಈದರೂ ಮರಿಗಳನ್ನು ತಾನೇ ತಿಂದುಹಾಕುತ್ತದೆ. 1936ರ ತೀರ್ಪು ನರಿ ಸಾಕುವವನ ಕಡೆ ಬಂತು. ಗುಂಡು ತನ್ನ ನೆಲದಲ್ಲೇ ಹಾರಿಸಿದ್ದರೂ ದುರುದ್ದೇಶ ಇದ್ದದ್ದರಿಂದ ಅದು ಉಪದ್ರವ ಎಂದು ನ್ಯಾಯಾಧೀಶರು ತಡೆಯಾಜ್ಞೆ ಕೊಟ್ಟರು.

ಫ್ರಾನ್ಸ್ ಇದನ್ನು ಬೇಗ ಬಗೆಹರಿಸಿಕೊಂಡಿತು. 1855ರಲ್ಲೇ ಕೋಲ್ಮಾರ್ ನ್ಯಾಯಾಲಯ ಪಕ್ಕದವನ ಕಿಟಕಿಗೆ ಅಡ್ಡವಾಗಿ ಕಟ್ಟಿದ್ದ, ಹೊಗೆಯೇ ಬಾರದ ಸುಳ್ಳು ಚಿಮಣಿಯನ್ನು ಕೆಡವಿಸಿತು. ಹೆಸರುವಾಸಿಯಾದದ್ದು ಕ್ಲೆಮಾಂ-ಬಾಯಾರ್ ಪ್ರಕರಣ. ಕೋಂಪಿಯೆನ್ ಹತ್ತಿರ ಆತನ ವಾಯುನೌಕೆಗಳ ಶೆಡ್ಡು. ಪಕ್ಕದ ಜಮೀನಿನ ಕೊಕರೆಲ್ 16 ಮೀಟರ್ ಎತ್ತರದ ಮರದ ಚೌಕಟ್ಟುಗಳನ್ನು ನಿಲ್ಲಿಸಿ ಮೇಲೆ ಚೂಪು ಕಬ್ಬಿಣದ ಸಲಾಕೆ ಸಿಕ್ಕಿಸಿದ. ಒಂದು ನೌಕೆ ಹರಿದೂ ಹೋಯಿತು. 1915ರ ಆಗಸ್ಟ್ 3ರಂದು ಅಲ್ಲಿನ ಅತ್ಯುನ್ನತ ನ್ಯಾಯಾಲಯ ಇದು ಹಕ್ಕಿನ ದುರುಪಯೋಗ ಎಂಬ ತೀರ್ಪನ್ನು ಎತ್ತಿಹಿಡಿಯಿತು. ತೆಗೆಯಲು ಹೇಳಿದ್ದು ಸಲಾಕೆಗಳನ್ನು ಮಾತ್ರ. ಜಮೀನಿಗೆ ಅವುಗಳಿಂದ ಯಾವ ಪ್ರಯೋಜನವೂ ಇಲ್ಲ, ನೌಕೆ ಸೀಳುವುದೊಂದೇ ಕೆಲಸ ಎಂಬುದು ತೀರ್ಪಿನ ತಿರುಳು.

ಜರ್ಮನಿಯ ನಾಗರಿಕ ಸಂಹಿತೆಯ 226ನೇ ವಿಧಿಯಂತೂ ನೇರ: ಇನ್ನೊಬ್ಬರಿಗೆ ಹಾನಿ ಮಾಡುವುದೊಂದೇ ಉದ್ದೇಶವಾಗಿದ್ದರೆ ಹಕ್ಕನ್ನು ಚಲಾಯಿಸುವಂತಿಲ್ಲ. ಇದು 1900ರಿಂದ ಜಾರಿಯಲ್ಲಿದೆ. ಕೋರ್ಟಿನಲ್ಲಿ ತೊಡಕಾಗುವುದು ‘ಒಂದೇ’ ಎಂಬಲ್ಲಿ. ಬೇಲಿಯ ಮೇಲೊಂದು ಬಳ್ಳಿ ಹಬ್ಬಿಸಿ ‘ತೋಟಕ್ಕೆ ಬೇಕಿತ್ತು’ ಅಂದರೆ ಉದ್ದೇಶ ಎರಡಾಯಿತು. ಆದ್ದರಿಂದಲೇ ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ಅಳತೆಯನ್ನೇ ಹೇಳಿದ್ದಾರೆ. ಅಗತ್ಯವಿಲ್ಲದೆ 10 ಅಡಿ ಮೀರಿದ, ಪಕ್ಕದವರನ್ನು ಪೀಡಿಸಲು ಹಾಕಿದ ಬೇಲಿ ಉಪದ್ರವ. ಕ್ರಾಕರ್‌ನ ಬೇಲಿ ಅದರ ನಾಲ್ಕು ಪಟ್ಟು.

ಪ್ರ: ಕಾರ್ಥೇಜ್ ನಗರವನ್ನು ಸುಟ್ಟ ರೋಮನ್ನರು ಅಲ್ಲಿ ಏನೂ ಬೆಳೆಯದಿರಲಿ ಎಂದು ಉಪ್ಪು ಬಿತ್ತಿದರು ಎಂದು ಓದಿದ್ದೇನೆ. ಎಷ್ಟು ಉಪ್ಪು ಬೇಕಾಗಿರಬಹುದು?

ಉ: ಲೆಕ್ಕ ಸುಲಭ. ಒಂದು ಎಕರೆಯ ಮೇಲಿನ 30 ಸೆಂಟಿಮೀಟರ್ ಮಣ್ಣು ಸುಮಾರು 1200 ಘನ ಮೀಟರ್, ತೂಕ ಹೆಚ್ಚುಕಡಿಮೆ 1600 ಟನ್ನು. ಬಹುತೇಕ ಬೆಳೆಗಳು ಕೈಬಿಡಬೇಕಾದರೆ ಮಣ್ಣಿನಲ್ಲಿ ನೂರಕ್ಕೆ 0.4ರಷ್ಟಾದರೂ ಉಪ್ಪಿರಬೇಕು. ಅಂದರೆ ಎಕರೆಗೆ 6 ಟನ್ನಿಗೂ ಮೇಲೆ. ಇಡೀ ನಗರಕ್ಕೆ ಸಾವಿರಾರು ಟನ್ನು. ಅಷ್ಟು ಹಾಕಿದರೂ ನಾಲ್ಕಾರು ಒಳ್ಳೆಯ ಮಳೆಗಾಲ ಬಂದು ನೀರು ಕೆಳಗೆ ಬಸಿಯುವಂತಿದ್ದರೆ ಉಪ್ಪು ತೊಳೆದುಹೋಗುತ್ತದೆ. ನೆಲ ಶಾಶ್ವತವಾಗಿ ಬಂಜರಾಗುವುದು ನೀರು ಬಸಿಯದೆ ಅಡಿಯ ಉಪ್ಪು ಮೇಲೇರುವ ಕಡೆ, ಒಂದು ಸಲ ಎರಚಿದ್ದಕ್ಕಲ್ಲ.

ಕ್ರಿ.ಪೂ. 146ರಲ್ಲಿ ರೋಮನ್ ಸೇನಾಪತಿ ಸಿಪಿಯೋ ನಗರವನ್ನು ಸುಟ್ಟದ್ದು, ಬದುಕುಳಿದವರನ್ನು ಗುಲಾಮರಾಗಿ ಮಾರಿದ್ದು ನಿಜ. ಉಪ್ಪಿನ ಮಾತು ಮಾತ್ರ ಪ್ರಾಚೀನ ಬರಹಗಾರರಲ್ಲಿ ಯಾರಲ್ಲೂ ಇಲ್ಲ. ಅದು ಬಹಳ ಈಚೆಗೆ ಚರಿತ್ರೆಯ ಪುಸ್ತಕಗಳೊಳಗೆ ಸೇರಿಕೊಂಡದ್ದು. ಸುತ್ತಣ ಗೋಧಿಯ ನೆಲ ರೋಮಿನ ಸರ್ಕಾರಿ ಭೂಮಿಯಾಯಿತು. ತನ್ನದಾದ ಹೊಲಕ್ಕೆ ಯಾರು ಉಪ್ಪು ಹಾಕುತ್ತಾರೆ? ಕ್ರಿ.ಪೂ. 122ರಲ್ಲೇ ಗಾಯಸ್ ಗ್ರಾಕಸ್ ಅಲ್ಲಿ ವಸಾಹತು ಹೂಡಲು ಹೊರಟ. ಅದು ಕೈಗೂಡದಿದ್ದರೂ ಆಗಸ್ಟಸ್ ಕಾಲದಲ್ಲಿ ನಗರ ಮತ್ತೆ ಎದ್ದು, ಪಶ್ಚಿಮದ ದೊಡ್ಡ ನಗರಗಳಲ್ಲೊಂದಾಯಿತು.

ಶಾಸ್ತ್ರಕ್ಕೆಂದು ಉಪ್ಪು ಎರಚಿದ ಪ್ರಸಂಗಗಳು ಬೇರೆ ಇವೆ. 1299ರಲ್ಲಿ ಪೋಪ್ ಎಂಟನೇ ಬಾನಿಫೇಸ್ ತನ್ನ ಹಗೆಗಳಾದ ಕೊಲೊನ್ನಾ ಮನೆತನದ ಪಾಲೆಸ್ಟ್ರೀನಾ ಊರನ್ನು ನೆಲಸಮ ಮಾಡಿಸಿ, ನೇಗಿಲು ಹೊಡೆಸಿ, ಉಪ್ಪು ಹಾಕಿಸಿದ. ಲಿಸ್ಬನ್‌ನಲ್ಲಿ ಪೋರ್ಚುಗಲ್ ದೊರೆಯ ಕೊಲೆಗೆ ಯತ್ನಿಸಿದ ಆರೋಪದ ಮೇಲೆ 1759ರಲ್ಲಿ ಅವೇರೊ ಡ್ಯೂಕ್‌ನನ್ನು ಕೊಂದು, ಅವನ ಅರಮನೆ ಕೆಡವಿ, ನೆಲಕ್ಕೆ ಉಪ್ಪು ಸುರಿದು, ಇಲ್ಲಿ ಎಂದಿಗೂ ಏನೂ ಕಟ್ಟಬಾರದು ಎಂದು ಕಲ್ಲುಕಂಬ ನೆಟ್ಟರು. ಕಂಬ ಬೆಲೇಂ ಬಡಾವಣೆಯಲ್ಲಿ ಈಗಲೂ ಇದೆ. ಅದರ ಸುತ್ತ ಒತ್ತಿಕೊಂಡು ಕಟ್ಟಡಗಳೂ ಇವೆ.

ಪ್ರ: ಸತ್ತವರ ಮೇಲೂ ಹಗೆ ಸಾಧಿಸಿದವರ ಬಗ್ಗೆ ತಿಳಿಸಿ.

ಉ: ಎರಡು ಪ್ರಸಂಗ ಸಾಕು. 897ರ ಜನವರಿಯಲ್ಲಿ ಪೋಪ್ ಆರನೇ ಸ್ಟೀಫನ್ ತನಗಿಂತ ಹಿಂದಿನ ಪೋಪ್ ಫಾರ್ಮೋಸಸ್‌ನ ಹೆಣವನ್ನು ಗೋರಿಯಿಂದ ತೆಗೆಸಿದ. ಸತ್ತು ಒಂಬತ್ತು ತಿಂಗಳಾಗಿತ್ತು. ಪೋಪನ ಉಡುಗೆ ತೊಡಿಸಿ, ಸಿಂಹಾಸನದಲ್ಲಿ ಕೂರಿಸಿ ವಿಚಾರಣೆ ನಡೆಸಿದ. ಹೆಣದ ಪರವಾಗಿ ಉತ್ತರ ಹೇಳಲು ಒಬ್ಬ ಕಿರಿಯ ಪಾದ್ರಿ, ಅಂದರೆ ಡೀಕನ್‌ನನ್ನು ನಿಲ್ಲಿಸಿದ್ದರು. ತಪ್ಪಿತಸ್ಥನೆಂದು ತೀರ್ಪಾಗಿ, ಆಶೀರ್ವಾದಕ್ಕೆ ಎತ್ತುವ ಬಲಗೈಯ ಮೂರು ಬೆರಳು ಕತ್ತರಿಸಿ, ಕೊನೆಗೆ ಹೆಣವನ್ನು ಟೈಬರ್ ನದಿಗೆ ಎಸೆದರು. ಓದಿದರೆ ಹುಚ್ಚು ಅನಿಸುತ್ತದೆ. ಆದರೆ ಜಮಾ ಕಡೆ ನೋಡಿ. ಪೋಪ್ ಎಂದರೆ ರೋಮಿನ ಬಿಷಪ್. ಒಬ್ಬ ಬಿಷಪ್ ತನ್ನ ಪೀಠ ಬಿಟ್ಟು ಇನ್ನೊಂದಕ್ಕೆ ಹೋಗಬಾರದು ಎಂಬುದು ಆಗಿನ ನಿಯಮ, ಫಾರ್ಮೋಸಸ್ ಮೇಲಿನ ಆರೋಪವೂ ಅದೇ. ಸ್ಟೀಫನ್ ಕೂಡ ಮೊದಲು ಅನಾಗ್ನಿಯ ಬಿಷಪ್ ಆಗಿದ್ದವನು, ಅವನಿಗೆ ಆ ದೀಕ್ಷೆ ಕೊಟ್ಟದ್ದು ಫಾರ್ಮೋಸಸ್! ಫಾರ್ಮೋಸಸ್ ಕೊಟ್ಟ ದೀಕ್ಷೆಗಳೆಲ್ಲ ರದ್ದಾದರೆ ಸ್ಟೀಫನ್ ಎಂದೂ ಬಿಷಪ್ ಆಗಿರಲೇ ಇಲ್ಲ, ಅವನ ತಪ್ಪು ತಾನಾಗಿ ಅಳಿಯಿತು. ಫಾರ್ಮೋಸಸ್ ಮೇಲೆ ಕಣ್ಣು ಕೆಂಪು ಮಾಡಿಕೊಂಡಿದ್ದ ಸ್ಪೊಲೆಟೊ ಮನೆತನದ ಬೆಂಬಲವೂ ಇತ್ತು. ಅದೇ ವರ್ಷ ರೋಮಿನ ಜನ ದಂಗೆಯೆದ್ದು ಸ್ಟೀಫನ್‌ನನ್ನು ಸೆರೆಗೆ ಹಾಕಿದರು, ಅಲ್ಲಿ ಅವನನ್ನು ಕತ್ತು ಹಿಸುಕಿ ಕೊಂದರು.

ಇಂಗ್ಲೆಂಡಿನ ಕ್ರಾಮ್‌ವೆಲ್‌ನದು ದಿನ ಎಣಿಸಿ ಮಾಡಿದ್ದು. ಈತನ ಕಡೆಯವರು ಮೊದಲನೇ ಚಾರ್ಲ್ಸ್ ದೊರೆಯ ತಲೆ ಕಡಿದದ್ದು 1649ರ ಜನವರಿ 30. ಹನ್ನೆರಡು ವರ್ಷಕ್ಕೆ ಸರಿಯಾಗಿ, 1661ರ ಜನವರಿ 30ರಂದು, ಕ್ರಾಮ್‌ವೆಲ್ ಮತ್ತು ಇನ್ನಿಬ್ಬರ ಹೆಣಗಳನ್ನು ಟೈಬರ್ನ್‌ನಲ್ಲಿ ನೇಣಿಗೆ ಹಾಕಿ, ಆಮೇಲೆ ತಲೆ ಕಡಿದು ವೆಸ್ಟ್‌ಮಿನ್‌ಸ್ಟರ್ ಹಾಲ್‌ನ ಮೇಲೆ ಕಂಬಕ್ಕೆ ಚುಚ್ಚಿದರು. ಕೆಡದಂತೆ ಔಷಧ ಹಾಕಿ ಹೂತಿದ್ದರಿಂದಲೇ ಕ್ರಾಮ್‌ವೆಲ್‌ನ ತಲೆ ಅಷ್ಟು ಕಾಲ ಉಳಿಯಿತು. ಕೈಯಿಂದ ಕೈಗೆ ಹೋಗಿ, 1960ರಲ್ಲಿ ಕೇಂಬ್ರಿಜ್‌ನ ಸಿಡ್ನಿ ಸಸೆಕ್ಸ್ ಕಾಲೇಜಿನಲ್ಲಿ ಮಣ್ಣಾಯಿತು.

ಪ್ರ: ಶಾಸನಗಳಲ್ಲಿ ಹೆಸರು ಕೆತ್ತಿ ತೆಗೆದಿರುವುದನ್ನು ಕಂಡರೆ ಅದು ಹಗೆಯಿಂದಲೇ ಎಂದು ಹೇಳಬಹುದೇ?

ಉ: ಕಲ್ಲು ನೋಡಿ ‘ಅಳಿಸಿದ್ದಾರೆ’ ಎನ್ನಬಹುದು, ‘ಯಾಕೆ’ ಎನ್ನಲಾಗದು. ಅಳಿಸಿದ ಜಾಗ ಸುತ್ತಲಿನದಕ್ಕಿಂತ ತುಸು ತಗ್ಗಾಗಿರುತ್ತದೆ, ಉಳಿಯ ಗುರುತಿನ ದಿಕ್ಕು ಬೇರೆ ಇರುತ್ತದೆ, ಹೊಸದಾಗಿ ತುಂಬಿದ ಅಕ್ಷರಗಳು ಜಾಗಕ್ಕೆ ಹೊಂದಲು ಇಕ್ಕಟ್ಟಾಗಿಯೋ ಸಡಿಲವಾಗಿಯೋ ಇರುತ್ತವೆ. ಓರೆಯಿಂದ ಬೆಳಕು ಬಿದ್ದಾಗ ಚೆನ್ನಾಗಿ ಕಾಣುತ್ತದೆ.

ಹಗೆಗೆ ಸರಿಯಾದ ಉದಾಹರಣೆ ರೋಮಿನ ಸಹಚಕ್ರವರ್ತಿ ಗೇಟಾ. ಅಣ್ಣ ಕರಾಕಲ 211ರ ಡಿಸೆಂಬರ್‌ನಲ್ಲಿ ಇವನನ್ನು ಕೊಲ್ಲಿಸಿ, ಸಾಮ್ರಾಜ್ಯದುದ್ದಕ್ಕೂ ಹೆಸರು ಅಳಿಸಿದ. ರೋಮಿನಲ್ಲಿರುವ ಇವರಪ್ಪ ಸೆಪ್ಟಿಮಿಯಸ್ ಸೆವೆರಸ್‌ನ ಕಮಾನಿನ ನಾಲ್ಕನೇ ಸಾಲಿನಲ್ಲಿ ಗೇಟಾನ ಹೆಸರಿದ್ದ ಕಡೆ ‘ಅತ್ಯುತ್ತಮ, ಮಹಾಶೂರ ಅರಸರಿಗೆ’ ಎಂಬ ಹೊಗಳಿಕೆ ತುಂಬಿದರು. ಆದರೆ ಮೂಲ ಅಕ್ಷರಗಳು ಕಂಚಿನವು, ಕಲ್ಲಿಗೆ ತೂತು ಕೊರೆದು ಮೊಳೆಯಿಂದ ಕೂರಿಸಿದ್ದವು. ಹಳೆಯ ತೂತುಗಳು ಉಳಿದುಬಿಟ್ಟವು. ಅವುಗಳ ಸ್ಥಾನ ನೋಡಿ ಅಳಿಸಿದ ಹೆಸರನ್ನು ಇವತ್ತಿಗೂ ಓದಿಕೊಳ್ಳಬಹುದು.

ಈಜಿಪ್ಟಿನ ಹಾಟ್ಶೆಪ್ಸುಟ್ ರಾಣಿಯ ವಿಷಯ ತದ್ವಿರುದ್ಧ. ಮಲಮಗ ಮೂರನೇ ಥುಟ್‌ಮೋಸ್ ಸಿಟ್ಟಿನಿಂದ ಅವಳ ಹೆಸರು ಕೆತ್ತಿಹಾಕಿಸಿದ ಎಂದು ಬಹುಕಾಲ ಬರೆದರು. ಕೆತ್ತುವ ಕೆಲಸ ಶುರುವಾದದ್ದು ಅವಳು ಸತ್ತು ಸುಮಾರು ಇಪ್ಪತ್ತು ವರ್ಷಕ್ಕೆ. ಅದೂ ಅವಳು ಫೇರೋ ಆಗಿ ಕಾಣುವ ಚಿತ್ರಗಳಿಗೆ ಮಾತ್ರ ಉಳಿ ಬಿತ್ತು, ರಾಣಿಯಾಗಿ ಇರುವವನ್ನು ಮುಟ್ಟಲಿಲ್ಲ. ಕುದಿಯುವ ಸಿಟ್ಟು ಇಪ್ಪತ್ತು ವರ್ಷ ಕಾಯದು, ಚಿತ್ರ ಆರಿಸಿಯೂ ಹೊಡೆಯದು. ತನ್ನ ಮಗನ ಪಟ್ಟಕ್ಕೆ ಅಡ್ಡಿ ಬಾರದಂತೆ ದಾಖಲೆ ತಿದ್ದಿದ್ದು ಎಂಬುದೇ ಹೆಚ್ಚು ಹೊಂದುತ್ತದೆ.

ಪ್ರ: ಚಾಲುಕ್ಯರು ಮತ್ತು ಪಲ್ಲವರ ಹಗೆ ನೂರು ವರ್ಷ ನಡೆಯಿತಲ್ಲ. ಅದರಲ್ಲಿ ಸೇಡು ಎಷ್ಟು, ರಾಜಕೀಯ ಎಷ್ಟು?

ಉ: ಕೃಷ್ಣೆಯ ಕೆಳಗಿನ ನೆಲಕ್ಕಾಗಿ ನಡೆದ ಕಾದಾಟ, ಅದರ ಮೇಲೆ ಸೇಡಿನ ಬಣ್ಣ. ಇಮ್ಮಡಿ ಪುಲಕೇಶಿ ಪಲ್ಲವ ಮಹೇಂದ್ರವರ್ಮನನ್ನು ಸೋಲಿಸಿದ. ಮಗ ನರಸಿಂಹವರ್ಮ 642ರಲ್ಲಿ ಬಾದಾಮಿಯನ್ನೇ ಹಿಡಿದು ‘ವಾತಾಪಿಕೊಂಡ’ ಎಂಬ ಬಿರುದು ಹೊತ್ತ, ಬಾದಾಮಿಯ ಬಂಡೆಯ ಮೇಲೆ ಶಾಸನ ಹಾಕಿಸಿದ. ಸುಮಾರು ಹದಿಮೂರು ವರ್ಷ ರಾಜಧಾನಿ ಪರರ ಕೈಯಲ್ಲಿತ್ತು, ಒಂದನೇ ವಿಕ್ರಮಾದಿತ್ಯ ಬಿಡಿಸಿಕೊಂಡ. ಎಂಟನೇ ಶತಮಾನದಲ್ಲಿ ಇಮ್ಮಡಿ ವಿಕ್ರಮಾದಿತ್ಯ ಕಂಚಿಗೆ ನುಗ್ಗಿದಾಗ ಮುಯ್ಯಿ ತೀರಿಸಲು ಎಲ್ಲ ಅವಕಾಶವೂ ಇತ್ತು. ಅವನು ಊರು ಹಾಳುಗೆಡವಲಿಲ್ಲ. ಕೈಲಾಸನಾಥ ದೇವಾಲಯದ ಸಂಪತ್ತನ್ನು ನೋಡಿ ದೇವರಿಗೇ ಬಿಟ್ಟುಕೊಟ್ಟ, ಆ ಸಂಗತಿಯನ್ನು ಅಲ್ಲಿನ ಕಂಬವೊಂದರ ಮೇಲೆ ಕನ್ನಡದಲ್ಲಿ ಬರೆಸಿದ. ಕಂಚಿಯನ್ನು ಮೂರು ಬಾರಿ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ್ದೇ ಈಗಿನ ವಿರೂಪಾಕ್ಷ ಗುಡಿ. ಹಗೆಯ ನೆಲದ ನಡುಗುಡಿಯಲ್ಲಿ ತನ್ನ ನುಡಿಯ ಶಾಸನ ನಿಲ್ಲಿಸುವುದು ಮೆದುವಾದ ಏಟೇನಲ್ಲ ಎಂಬುದನ್ನೂ ಮರೆಯಬಾರದು.

ಪ್ರ: ‘ನನಗಿಲ್ಲದ್ದು ಅವನಿಗೂ ಇರಬಾರದು’ ಎಂದು ತನ್ನದನ್ನೇ ಹಾಳು ಮಾಡಿಕೊಂಡವರಲ್ಲಿ ನಿಮಗೆ ಎದ್ದು ಕಾಣುವವರು ಯಾರು?

ಉ: ಅನುಮಾನವೇ ಇಲ್ಲ, ಲಂಡನ್ನಿನ ಟಿ. ಜೆ. ಕಾಬ್ಡನ್-ಸ್ಯಾಂಡರ್ಸನ್. ಎಮೆರಿ ವಾಕರ್ ಜೊತೆ ಸೇರಿ 1900ರಲ್ಲಿ ಹ್ಯಾಮರ್‌ಸ್ಮಿತ್‌ನಲ್ಲಿ ‘ಡವ್ಸ್ ಪ್ರೆಸ್’ ಶುರುಮಾಡಿದವನು. ಅವರ ಪುಸ್ತಕಗಳಲ್ಲಿ ಚಿತ್ರವಿಲ್ಲ, ಅಲಂಕಾರವಿಲ್ಲ, ಇದ್ದದ್ದು ಒಂದೇ ಅಳತೆಯ, ಒಂದೇ ಬಗೆಯ ಅಚ್ಚುಮೊಳೆ, ಅಂದರೆ ಅಕ್ಷರ ಒತ್ತುವ ಲೋಹದ ತುಂಡುಗಳು. ಮುದ್ರಣಾಲಯದ ಜೀವವೇ ಅದು. ಪಾಲುದಾರಿಕೆ ಮುರಿದಾಗ ಒಪ್ಪಂದವಾಯಿತು: ಕಾಬ್ಡನ್-ಸ್ಯಾಂಡರ್ಸನ್ ಬದುಕಿರುವವರೆಗೆ ಮೊಳೆಗಳು ಅವನವು, ಆಮೇಲೆ ವಾಕರ್‌ನವು. ವಾಕರ್ ಹತ್ತು ವರ್ಷ ಚಿಕ್ಕವನು, ಅವನ ಕೈಗೆ ಬೀಳುವುದು ಬಹುತೇಕ ಖಾತ್ರಿ.

ಅಚ್ಚುಮೊಳೆಯನ್ನು ನಾಶ ಮಾಡುವುದಕ್ಕೂ ಒಂದು ಕ್ರಮ ಬೇಕು. ಉಕ್ಕಿನ ಕಡ್ಡಿಯ ತುದಿಯಲ್ಲಿ ಅಕ್ಷರ ಕೆತ್ತಿದ್ದು ಮೂಲ. ಅದನ್ನು ತಾಮ್ರಕ್ಕೆ ಹೊಡೆದರೆ ತಗ್ಗಾದ ಪಡಿಯಚ್ಚು. ಅದಕ್ಕೆ ಕರಗಿದ ಸೀಸದ ಮಿಶ್ರಲೋಹ ಹೊಯ್ದರೆ ಮೊಳೆ. ಮೊಳೆಗಳನ್ನಷ್ಟೇ ಎಸೆದರೆ ಪಡಿಯಚ್ಚಿನಿಂದ ಮತ್ತೆ ಎರಕ ಹೊಯ್ಯಬಹುದು. ಇದು ಗೊತ್ತಿದ್ದ ಕಾಬ್ಡನ್-ಸ್ಯಾಂಡರ್ಸನ್ 1913ರಲ್ಲಿ ಮೊದಲು ಉಕ್ಕಿನ ಮೂಲಗಳನ್ನೂ ತಾಮ್ರದ ಅಚ್ಚುಗಳನ್ನೂ ಥೇಮ್ಸ್ ನದಿಗೆ ಎಸೆದ. ಬೇಕಾದ ಪುಸ್ತಕಗಳನ್ನು ಮುಗಿಸಿಕೊಂಡು 1916ರ ಆಗಸ್ಟಿನಿಂದ ಮೊಳೆಗಳ ಸರದಿ. ಒಂದು ಟನ್ನಿಗೂ ಹೆಚ್ಚು ಲೋಹ, ಹೊರುವವನಿಗೆ 75 ದಾಟಿತ್ತು. ಕತ್ತಲಾದ ಮೇಲೆ ಪೊಟ್ಟಣ ಕಟ್ಟಿಕೊಂಡು ಹ್ಯಾಮರ್‌ಸ್ಮಿತ್ ಸೇತುವೆಗೆ ನಡೆದು ಹೋಗಿ ಎಸೆದು ಬರುವುದು. ಸುಮಾರು 170 ಸಲ, ಅಂದರೆ ಸಲಕ್ಕೆ ಏಳು ಕಿಲೋದಷ್ಟು. ಒಮ್ಮೆ ಎರಡು ಪೊಟ್ಟಣ ನೀರಿಗೆ ಬೀಳದೆ ಸೇತುವೆಯ ಕಂಬದ ಕಟ್ಟೆಯ ಮೇಲೆ ಕೂತುಬಿಟ್ಟವು, ಕೈಗೆ ಎಟುಕದೆ. 1917ರ ಜನವರಿಗೆ ಕೆಲಸ ಮುಗಿಯಿತು.

ಖರ್ಚು ಯಾರಿಗೆ ಬಿತ್ತು? ಅವನು 1922ರಲ್ಲಿ ತೀರಿಕೊಂಡ. ವಾಕರ್ ದಾವೆ ಹೂಡಿದ್ದು ವಿಧವೆಯ ಮೇಲೆ, 700 ಪೌಂಡು ಕಟ್ಟಿದವಳು ಆಕೆ. ಮೊಳೆ ಮಾತ್ರ ವಾಕರ್‌ಗೂ ಸಿಗಲಿಲ್ಲ. 2014ರಲ್ಲಿ ರಾಬರ್ಟ್ ಗ್ರೀನ್ ಎಂಬ ಅಕ್ಷರ ವಿನ್ಯಾಸಕಾರ ಮುಳುಗುಗಾರರ ನೆರವಿನಿಂದ ನದಿಯ ತಳದಿಂದ 150 ಮೊಳೆ ತೆಗೆಸಿದ. ಸೀಸದ ಮಿಶ್ರಲೋಹ ತುಕ್ಕು ಹಿಡಿಯದಿರುವುದರಿಂದ ನೂರು ವರ್ಷದ ಮೇಲೂ ಅಕ್ಷರ ಉಳಿದಿತ್ತು. ಈಗ ಅದು ಕಂಪ್ಯೂಟರ್ ಅಕ್ಷರವಾಗಿ ಯಾರಿಗೆ ಬೇಕಾದರೂ ಸಿಗುತ್ತದೆ.

ಪ್ರ: ಹಿಂದಿನ ಸಾಮಾನ್ಯ ಜನ ಹಗೆ ತೀರಿಸಲು ಏನು ಮಾಡುತ್ತಿದ್ದರು? ಅವರಿಗೆ ಗೋರಿ ಅಗೆಯುವ ಅಧಿಕಾರ ಇರಲಿಲ್ಲವಲ್ಲ.

ಉ: ಬರೆದು ತೀರಿಸಿಕೊಳ್ಳುತ್ತಿದ್ದರು. ರೋಮನ್ನರ ಕಾಲದ ಶಾಪದ ತಗಡು ಅಗ್ಗದ ಉಪಾಯ. ಸೀಸವನ್ನು ತೆಳ್ಳಗೆ ಬಡಿದು, ಚೂಪು ಮೊಳೆಯಿಂದ ಶಾಪ ಗೀಚಿ, ಸುರುಳಿ ಸುತ್ತಿಯೋ ಮಡಚಿಯೋ, ಕೆಲವೊಮ್ಮೆ ಮೊಳೆ ಹೊಡೆದು, ಬಾವಿಗೋ ಗೋರಿಗೋ ಹಾಕುವುದು. ಇಂಗ್ಲೆಂಡಿನ ಬಾತ್ ಊರಿನ ಬಿಸಿನೀರಿನ ಚಿಲುಮೆಯಲ್ಲಿ ಸುಮಾರು 130 ತಗಡು ಸಿಕ್ಕಿವೆ. ಹೆಚ್ಚಿನವು ಕಳ್ಳರ ಮೇಲೆ. ಡೊಸಿಮೆಡಿಸ್ ಎಂಬವನ ಎರಡು ಕೈಗವಸು ಕಳುವಾಗಿತ್ತು, ಕದ್ದವನ ಬುದ್ಧಿಯೂ ಕಣ್ಣೂ ಹೋಗಲಿ ಎಂದು ದೇವಿಗೆ ಅರ್ಜಿ ಹಾಕಿದ್ದಾನೆ. ಕಳ್ಳ ಯಾರೆಂದು ಗೊತ್ತಿಲ್ಲದಾಗ ‘ಗಂಡಾಗಲಿ ಹೆಣ್ಣಾಗಲಿ, ಆಳಾಗಲಿ ಒಡೆಯನಾಗಲಿ’ ಎಂದು ಎಲ್ಲ ದಾರಿಯನ್ನೂ ಮುಚ್ಚುತ್ತಿದ್ದರು, ವಕೀಲರ ಕರಾರಿನ ಥರ.

ಅಥೆನ್ಸ್‌ನಲ್ಲಿ ಹಗೆಗೆ ಮತಪೆಟ್ಟಿಗೆಯೇ ಇತ್ತು. ವರ್ಷಕ್ಕೊಮ್ಮೆ ಜನ ಒಡೆದ ಮಡಕೆಯ ಚೂರಿನ ಮೇಲೆ ಬೇಡದವನ ಹೆಸರು ಗೀಚಿ ಹಾಕಬಹುದಿತ್ತು. ಕನಿಷ್ಠ 6000 ಚೂರು ಬಿದ್ದರೆ, ಅತಿ ಹೆಚ್ಚು ಸಲ ಹೆಸರು ಬಂದವನು ಹತ್ತು ದಿನದೊಳಗೆ ಊರು ಬಿಟ್ಟು ಹತ್ತು ವರ್ಷ ಹೊರಗಿರಬೇಕು. ಆಸ್ತಿ ಮುಟ್ಟುತ್ತಿರಲಿಲ್ಲ. ಕೆಟ್ಟದ್ದೆಲ್ಲಿ? ಅಕ್ರೊಪೊಲಿಸ್‌ನ ಉತ್ತರ ಇಳಿಜಾರಿನ ಬಾವಿಯಲ್ಲಿ ಥೆಮಿಸ್ಟೊಕ್ಲಿಸ್‌ನ ಹೆಸರಿನ 190 ಚೂರು ಸಿಕ್ಕವು. ಅಕ್ಷರ ಹೋಲಿಸಿದರೆ ಬರೆದ ಕೈಗಳು ಹದಿನಾಲ್ಕೇ. ಯಾರೋ ಮೊದಲೇ ಬರೆಸಿಟ್ಟು ಹಂಚಲು ತಂದದ್ದು.

ಪ್ರ: ತಲೆಮಾರುಗಳ ರಕ್ತದ ಹಗೆ ನಿಲ್ಲಿಸಲು ಯಾವುದಾದರೂ ವಿಧಾನ ನಿಜಕ್ಕೂ ಫಲ ಕೊಟ್ಟಿದೆಯೇ?

ಉ: ಬೆಲೆ ಕಟ್ಟುವುದು ಹಳೆಯ ವಿಧಾನ. ಇಂಗ್ಲೆಂಡಿನ ಕೆಂಟ್ ಅರಸ ಎಥೆಲ್‌ಬರ್ಟ್ ಸುಮಾರು 600ರಲ್ಲಿ ಮಾಡಿದ ಕಾನೂನಿನಲ್ಲಿ ದರಪಟ್ಟಿಯೇ ಇದೆ. ಹೆಬ್ಬೆರಳಿಗೆ 20 ಶಿಲ್ಲಿಂಗ್, ಅದರ ಉಗುರಿಗೆ 3, ಮುಂದಿನ ಹಲ್ಲು ಒಂದಕ್ಕೆ 6, ಕಿವಿಗೆ 12, ಸ್ವತಂತ್ರ ಮನುಷ್ಯನ ಜೀವಕ್ಕೆ 100. ಅದರಲ್ಲಿ 20 ಶಿಲ್ಲಿಂಗ್ ಗೋರಿ ಮುಚ್ಚುವ ಮೊದಲೇ, ಉಳಿದದ್ದು 40 ರಾತ್ರಿಯೊಳಗೆ. ಕಂತಿನ ಈ ಏರ್ಪಾಡಿನಲ್ಲಿ ಜಾಣ್ಮೆ ಇದೆ. ಸಿಟ್ಟು ಅತಿ ಬಿಸಿ ಇರುವ ಹೊತ್ತಿಗೆ ಕೈಗೆ ಏನಾದರೂ ಬರಬೇಕು, ಬಾಕಿ ಇರುವಷ್ಟು ಕಾಲ ಕೊಂದವನ ಜೀವ ಉಳಿಯಬೇಕು, ಸತ್ತರೆ ಕೊಡುವವರಾರು?

ಈಚಿನ ದೊಡ್ಡ ಉದಾಹರಣೆ ಕೊಸೊವೊ. ಅಲ್ಬೇನಿಯನ್ನರ ಕಾನೂನ್ ಎಂಬ ಕಟ್ಟಳೆಯಲ್ಲಿ ಕೊಲೆಗೆ ಕೊಲೆ ಬಾಕಿ ಉಳಿಯುತ್ತದೆ, ಹಗೆ ಇದ್ದ ಮನೆಯ ಗಂಡಸರು ವರ್ಷಗಟ್ಟಲೆ ಹೊಸ್ತಿಲು ದಾಟುತ್ತಿರಲಿಲ್ಲ. ಅದರಲ್ಲೇ ಬೆಸಾ ಎಂಬ ವಚನವೂ ಇದೆ, ಮೊದಲು 24 ಗಂಟೆ, ಆಮೇಲೆ 30 ದಿನ ಯಾರೂ ಯಾರ ಮೇಲೂ ಕೈ ಎತ್ತುವಂತಿಲ್ಲ. 1990ರಲ್ಲಿ ಜಾನಪದ ವಿದ್ವಾಂಸ ಆಂಟನ್ ಚೆಟ್ಟಾ ವಿದ್ಯಾರ್ಥಿಗಳ ಜೊತೆ ಮನೆಮನೆಗೆ ಹೋದ. ದುಡ್ಡಿನ ಮಾತಿಲ್ಲ. ಸತ್ತವನ ಮನೆಯವರು ‘ಜನರ ಹೆಸರಲ್ಲಿ, ಯುವಕರ ಹೆಸರಲ್ಲಿ ಕ್ಷಮಿಸಿದೆವು’ ಎಂಬರ್ಥದ ಮಾತನ್ನು ಎಲ್ಲರೆದುರು ಹೇಳಿ ಕೈಕುಲುಕಬೇಕು. ಎದುರಾಳಿಗೆ ಸೋತೆವು ಎಂಬ ಅವಮಾನ ಇದರಲ್ಲಿ ಇಲ್ಲ, ಆದ್ದರಿಂದ ಕೆಲಸ ನಡೆಯಿತು. ಮೇ 1ರಂದು ವೆರ‍್ರಾತ್ ಎ ಲುಕಸ್ ಎಂಬಲ್ಲಿ ಲಕ್ಷಾಂತರ ಜನ ಸೇರಿದರು. 1992ರ ಹೊತ್ತಿಗೆ ಸುಮಾರು ಸಾವಿರ ಹಗೆಗಳು ಇತ್ಯರ್ಥವಾದವು.

ಪ್ರ: ಒಂದು ಬಕೆಟ್ ಕದ್ದದ್ದಕ್ಕೆ ಎರಡು ಊರು ಯುದ್ಧ ಮಾಡಿದವು ಎಂಬುದು ನಿಜವೇ?

ಉ: ಯುದ್ಧ ನಿಜ, ಬಕೆಟ್ಟೂ ನಿಜ, ಹಿಂದುಮುಂದಾಗಿದೆ. ಇಟಲಿಯ ಬೊಲೊನ್ಯಾ ಮತ್ತು ಮೊಡೆನಾ ನಡುವೆ ಗಡಿಯ ಕೋಟೆಗಳಿಗಾಗಿ ಕಚ್ಚಾಟ ಮೊದಲೇ ಇತ್ತು. 1325ರ ನವೆಂಬರ್ 15ರಂದು ಸಪ್ಪೊಲಿನೊದಲ್ಲಿ ಗೆದ್ದ ಮೊಡೆನಾದವರು ಬೊಲೊನ್ಯಾದ ಕೋಟೆಬಾಗಿಲಿನವರೆಗೆ ಹೋಗಿ, ಹೊರಗಿನ ಬಾವಿಯ ಮರದ ಬಕೆಟ್ ಎತ್ತಿಕೊಂಡು ಬಂದರು. ಬಕೆಟ್ಟಿನಿಂದಲೇ ಯುದ್ಧ ಹುಟ್ಟಿತು ಎಂಬುದು ಮೂರು ಶತಮಾನದ ಮೇಲೆ ಬಂದ ಹಾಸ್ಯಕಾವ್ಯವೊಂದರ ಕೈವಾಡ. ಅದನ್ನು ನೋಡಲು ಹೋಗುವವರಿಗೆ ಒಂದು ಮಾತು: ಗಿರ್ಲಾಂದಿನಾ ಗೋಪುರದಲ್ಲಿ ತೂಗುಹಾಕಿರುವುದು ನಕಲು, ಅಸಲಿಯದು ಮೊಡೆನಾದ ಪುರಭವನದಲ್ಲಿದೆ.